ರೊಟ್ಟಿಯ ಲೆಕ್ಕ: ವೆಚ್ಚ, ಬೆಲೆ ಮತ್ತು ಬಡ್ಡಿಯ ಸಮಸ್ಯೆಗಳನ್ನು ಬಿಡಿಸುವ ಬಗೆ

ಪಾಠದ ಹಿನ್ನೆಲೆ

ಎಂಟು, ಒಂಬತ್ತು ಮತ್ತು ಹತ್ತನೆಯ ತರಗತಿಗಳ ಗಣಿತದಲ್ಲಿ ಲಾಭ, ನಷ್ಟ, ಶೇಕಡಾವಾರು, ಬಡ್ಡಿ ಮುಂತಾದ ಭಾಗಗಳನ್ನು ಮಕ್ಕಳು ಸೂತ್ರಗಳ ನೆರವಿನಿಂದ ಬೇಗ ಕಲಿಯುತ್ತಾರೆ. ಕೊಂಡ ಬೆಲೆ ಮತ್ತು ಮಾರಿದ ಬೆಲೆಗಳನ್ನು ಕೊಟ್ಟರೆ ಲಾಭವನ್ನು ತೆಗೆಯುವುದು ಅವರಿಗೆ ಕಷ್ಟವಲ್ಲ. ಆದರೆ ಕೊಂಡ ಬೆಲೆಯನ್ನು ಕೊಡದೆ, ಹತ್ತು ಬಗೆಯ ಖರ್ಚುಗಳನ್ನು ಒಟ್ಟಿಗೆ ಹೇಳಿ ‘ಈ ವಸ್ತುವಿನ ವೆಚ್ಚವೆಷ್ಟು?’ ಎಂದು ಕೇಳಿದಾಗ ಚುರುಕಾದ ಮಕ್ಕಳೂ ತಡವರಿಸುತ್ತಾರೆ. ಕೂಡಿಸುವಲ್ಲಿ, ಭಾಗಿಸುವಲ್ಲಿ ತಪ್ಪು ಆಗುವುದು ಕಡಿಮೆ. ಯಾವುದನ್ನು ಲೆಕ್ಕಕ್ಕೆ ಹಿಡಿಯಬೇಕು, ಯಾವುದನ್ನು ಬಿಡಬೇಕು ಎಂಬ ತೀರ್ಮಾನದಲ್ಲಿಯೇ ಹೆಚ್ಚಿನ ತಪ್ಪುಗಳು ಹುಟ್ಟುತ್ತವೆ.

ಈ ತೀರ್ಮಾನದ ಶಕ್ತಿ ಪರೀಕ್ಷೆಯ ಅಂಕಗಳಿಗಷ್ಟೇ ಬೇಕಾದುದಲ್ಲ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಭಾಗದ ಕನ್ನಡ ಮನೆಗಳಲ್ಲಿ ಅನೇಕವು ಸಣ್ಣ ದುಡಿಮೆಯನ್ನು ನಂಬಿ ಬದುಕುತ್ತವೆ. ಖಡಕ್ ರೊಟ್ಟಿ ಬಡಿದು ಮಾರುವುದು, ಶೇಂಗಾ ಚಟ್ನಿ ಕುಟ್ಟಿ ಕೊಡುವುದು, ಟವೆಲ್ಲಿನ ಅಂಚು ಹೊಲಿಯುವುದು, ಬೀಡಿ ಕಟ್ಟುವುದು, ಎರಡು ಎಮ್ಮೆ ಕಟ್ಟಿ ಹಾಲು ಹಾಕುವುದು ಇಂತಹ ಕೆಲಸಗಳು. ಈ ಮನೆಗಳಲ್ಲಿ ಹಣ ಬರುವುದೂ ಹೋಗುವುದೂ ಕಾಣುತ್ತದೆ. ಉಳಿಯಿತೇ ಇಲ್ಲವೇ ಎಂಬುದು ಮಾತ್ರ ಸ್ಪಷ್ಟವಾಗುವುದಿಲ್ಲ. ಹತ್ತನೆಯ ತರಗತಿಯ ನಂತರ ವಾಣಿಜ್ಯ ವಿಭಾಗಕ್ಕೆ ಹೋಗುವ ಕನ್ನಡ ಮಾಧ್ಯಮದ ಮಗು ಇದೇ ವಿಷಯವನ್ನು ಮರಾಠಿಯಲ್ಲಿ ಅಥವಾ ಇಂಗ್ಲಿಷಿನಲ್ಲಿ ಎದುರಿಸಬೇಕಾಗುತ್ತದೆ. ಪರಿಕಲ್ಪನೆಯು ತಾಯ್ನುಡಿಯಲ್ಲಿ ಗಟ್ಟಿಯಾಗಿದ್ದರೆ ಪದ ಬದಲಾದರೂ ಮಗು ಅಂಜುವುದಿಲ್ಲ.

ಆದುದರಿಂದ ಈ ಪಾಠದಲ್ಲಿ ಒಂದೇ ಮನೆಯ ಒಂದೇ ಉದ್ಯೋಗವನ್ನು ತೆಗೆದುಕೊಂಡು, ಅದರ ಸುತ್ತಲೇ ಏಳು ಹಂತಗಳಲ್ಲಿ ಸಮಸ್ಯೆಗಳನ್ನು ಬಿಡಿಸಲಾಗಿದೆ. ಪಾಠಕ್ಕೆ ಐದು ಅವಧಿಗಳು ಬೇಕಾಗಬಹುದು. ಇಲ್ಲಿರುವ ಬೆಲೆಗಳೆಲ್ಲವೂ ಲೆಕ್ಕಕ್ಕೆ ಅನುಕೂಲವಾಗಲೆಂದು ಇಟ್ಟುಕೊಂಡವು. ಶಿಕ್ಷಕರು ತಮ್ಮ ಊರಿನ ಸಂತೆಯ ಬೆಲೆಗಳನ್ನು ಹಾಕಿ ಮತ್ತೊಮ್ಮೆ ಮಾಡಿಸುವುದು ಉತ್ತಮ.

ಪದಗಳ ಪರಿಚಯ

ಈ ಭಾಗದ ಮಗುವಿಗೆ ವ್ಯವಹಾರದ ಮಾತು ಎರಡು ಭಾಷೆಗಳಿಂದ ಕಿವಿಗೆ ಬೀಳುತ್ತದೆ. ಪುಸ್ತಕದಲ್ಲಿ ಒಂದು ಪದ, ಪೇಟೆಯಲ್ಲಿ ಇನ್ನೊಂದು. ಮೊದಲ ಅವಧಿಯಲ್ಲಿ ಕೆಳಗಿನ ಜೋಡಿಗಳನ್ನು ಹಲಗೆಯ ಮೇಲೆ ಬರೆಯಬೇಕು. ಎಡಗಡೆಯದು ಕನ್ನಡ, ಬಲಗಡೆಯದು ಮರಾಠಿ.

ಲಾಭ – ನಫಾ
ನಷ್ಟ – ತೋಟಾ
ಬಂಡವಾಳ – ಭಾಂಡವಲ
ಅಸಲು – ಮುದ್ದಲ
ಬಡ್ಡಿ – ವ್ಯಾಜ
ಕಂತು – ಹಪ್ತಾ
ಸವಕಳಿ – ಘಸಾರಾ
ಉದ್ರಿ – ಉಧಾರ

‘ತೋಟಾ’ ಎಂಬ ಮರಾಠಿ ಪದವನ್ನು ಕೇಳಿದ ಕೆಳಗಿನ ತರಗತಿಯ ಕನ್ನಡ ಮಗು ಅದನ್ನು ಬಾಳೆಯ ತೋಟ, ಎಲೆಯ ತೋಟ ಎಂದುಕೊಳ್ಳುವ ಸಂಭವವುಂಟು. ಇಂತಹ ಎಡೆಗಳಲ್ಲಿ ಪದದ ಅರ್ಥವನ್ನು ಬಿಡಿಸಿ ಹೇಳಿಯೇ ಮುಂದೆ ಹೋಗಬೇಕು. ಸವಕಳಿ ಎಂಬ ಪದವನ್ನು ವಿವರಿಸಲು ಸೂತ್ರ ಬೇಡ. ವರ್ಷಗಟ್ಟಲೆ ಬಳಸಿ ಸವೆದ ಹಂಚು, ತೇದು ತೆಳ್ಳಗಾದ ಕುಡುಗೋಲು ಇವುಗಳನ್ನು ತೋರಿಸಿದರೆ ಸಾಕು.

ಈ ವಿಷಯವು ಕನ್ನಡ ನೆಲಕ್ಕೆ ಹೊಸದಲ್ಲವೆಂಬುದನ್ನೂ ಮಕ್ಕಳಿಗೆ ತಿಳಿಸಬಹುದು. 9ನೆಯ ಶತಮಾನದಲ್ಲಿ, ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ಮಹಾವೀರಾಚಾರ್ಯನು ಸಂಸ್ಕೃತದಲ್ಲಿ ಬರೆದ ‘ಗಣಿತಸಾರಸಂಗ್ರಹ’ದಲ್ಲಿ ಅಸಲು, ಬಡ್ಡಿ ಮತ್ತು ಕಾಲವನ್ನು ಕುರಿತ ಲೆಕ್ಕಗಳಿವೆ. 12ನೆಯ ಶತಮಾನದ ರಾಜಾದಿತ್ಯನು ‘ವ್ಯವಹಾರಗಣಿತ’ವನ್ನು ಕನ್ನಡದಲ್ಲಿಯೇ ರಚಿಸಿದನು. ಗಣಿತವೂ ವ್ಯವಹಾರವೂ ಜೊತೆಗೂಡಿ ನಡೆದದ್ದಕ್ಕೆ ಆ ಕೃತಿಯ ಹೆಸರೇ ಸಾಕ್ಷಿಯಾಗಿದೆ.

ಮೂಲ ಸಮಸ್ಯೆ

ಒಂದು ಮನೆಯಲ್ಲಿ ಅತ್ತೆ ಮತ್ತು ಸೊಸೆ ಕೂಡಿ ಖಡಕ್ ರೊಟ್ಟಿ ಮಾಡಿ ಮಾರುತ್ತಾರೆ. ದಿನಕ್ಕೆ 200 ರೊಟ್ಟಿ, ತಿಂಗಳಿಗೆ 25 ದಿನ ಕೆಲಸ. ಒಂದು ಕಿಲೋ ಜೋಳದ ಹಿಟ್ಟಿಗೆ 20 ರೊಟ್ಟಿಗಳಾಗುತ್ತವೆ. ಜೋಳದ ಬೆಲೆ ಕಿಲೋಗೆ 40 ರೂಪಾಯಿ. ಗಿರಣಿಯಲ್ಲಿ ಬೀಸುವ ಕೂಲಿ ಕಿಲೋಗೆ 4 ರೂಪಾಯಿ. ಬೀಸುವಾಗ ಹಿಟ್ಟು ಕಡಿಮೆಯಾಗುವುದಿಲ್ಲವೆಂದು ಇಟ್ಟುಕೊಳ್ಳಲಾಗಿದೆ. ಉರುವಲಿಗೆ ತಿಂಗಳಿಗೆ 3,000 ರೂಪಾಯಿ. ಹತ್ತು ರೊಟ್ಟಿಯ ಒಂದು ಕಟ್ಟಿಗೆ ಕಾಗದ ಮತ್ತು ದಾರಕ್ಕೆಂದು 1 ರೂಪಾಯಿ. ರೊಟ್ಟಿ ಮಾಡುವ ಕೋಣೆಗೆ ಬಾಡಿಗೆ 2,000 ರೂಪಾಯಿ. ದೀಪ ಮತ್ತು ನೀರಿಗೆ 300 ರೂಪಾಯಿ. ಒಲೆ, ಹಂಚು, ಪಾತ್ರೆಗಳನ್ನು 12,000 ರೂಪಾಯಿಗೆ ಕೊಂಡಿದ್ದಾರೆ. ಅವು 5 ವರ್ಷ ಬಾಳುತ್ತವೆ, ಆಮೇಲೆ ಅವಕ್ಕೆ ಬೆಲೆಯಿಲ್ಲ. ರೊಟ್ಟಿಯೊಂದಕ್ಕೆ ಮಾರುವ ಬೆಲೆ 5 ರೂಪಾಯಿ. ತಿಂಗಳಿಗೆ ಲಾಭವೆಷ್ಟು?

ಸಮಸ್ಯೆಯನ್ನು ಮಕ್ಕಳು ಎರಡು ಬಾರಿ ಓದಬೇಕು. ಮೊದಲ ಓದಿನಲ್ಲಿ ಪೆನ್ಸಿಲ್ಲು ಕೈಯಲ್ಲಿರಬಾರದು. ಎರಡನೆಯ ಓದಿನಲ್ಲಿ ಪ್ರತಿಯೊಂದು ಖರ್ಚಿನ ಕೆಳಗೆ ಗೆರೆ ಎಳೆಯಬೇಕು. ಏನನ್ನೋ ಹೇಳದೆ ಬಿಡಲಾಗಿದೆ ಎಂದು ಯಾವ ಮಗುವಾದರೂ ಈ ಹಂತದಲ್ಲಿಯೇ ಗುರುತಿಸಿದರೆ ಅದನ್ನು ಹಲಗೆಯ ಮೂಲೆಯಲ್ಲಿ ಬರೆದಿಟ್ಟು, ಮೂರನೆಯ ಹಂತದಲ್ಲಿ ಎತ್ತಿಕೊಳ್ಳಬೇಕು.

ಮೊದಲ ಹಂತ: ಖರ್ಚುಗಳ ವಿಂಗಡಣೆ

ಪ್ರತಿಯೊಂದು ಖರ್ಚಿಗೂ ಕೇಳಬೇಕಾದ ಪ್ರಶ್ನೆ ಒಂದೇ: ‘ಒಂದು ತಿಂಗಳು ಒಂದು ರೊಟ್ಟಿಯನ್ನೂ ಮಾಡದಿದ್ದರೆ ಈ ಖರ್ಚು ಇರುತ್ತದೆಯೇ?’ ಇರುತ್ತದೆ ಎಂದಾದರೆ ಅದು ಸ್ಥಿರ ವೆಚ್ಚ. ಇರುವುದಿಲ್ಲ, ರೊಟ್ಟಿ ಹೆಚ್ಚಿದಂತೆ ಹೆಚ್ಚುತ್ತದೆ ಎಂದಾದರೆ ಅದು ಬದಲಾಗುವ ವೆಚ್ಚ. ಇಂಗ್ಲಿಷಿನಲ್ಲಿ ಇವನ್ನು ಫಿಕ್ಸೆಡ್ ಕಾಸ್ಟ್, ವೇರಿಯಬಲ್ ಕಾಸ್ಟ್ ಎನ್ನುತ್ತಾರೆಂದು ಮುಂದಿನ ತರಗತಿಗಳ ಸಲುವಾಗಿ ತಿಳಿಸಿಡಬೇಕು.

ತಿಂಗಳ ಉತ್ಪನ್ನ: 200 × 25 = 5,000 ರೊಟ್ಟಿ
ಬೇಕಾಗುವ ಜೋಳ: 5,000 ÷ 20 = 250 ಕಿಲೋ

ಬದಲಾಗುವ ವೆಚ್ಚ
ಜೋಳ: 250 × 40 = 10,000 ರೂ.
ಬೀಸುವ ಕೂಲಿ: 250 × 4 = 1,000 ರೂ.
ಉರುವಲು: 3,000 ರೂ.
ಕಾಗದ, ದಾರ: 500 ಕಟ್ಟು × 1 = 500 ರೂ.
ಒಟ್ಟು: 14,500 ರೂ.

ಸ್ಥಿರ ವೆಚ್ಚ
ಬಾಡಿಗೆ: 2,000 ರೂ.
ದೀಪ, ನೀರು: 300 ರೂ.
ಸವಕಳಿ: 12,000 ÷ 60 ತಿಂಗಳು = 200 ರೂ.
ಒಟ್ಟು: 2,500 ರೂ.

ಇಲ್ಲಿ ಎರಡು ಕಡೆ ಮಕ್ಕಳು ಎಡವುತ್ತಾರೆ. ಮೊದಲನೆಯದು 12,000 ರೂಪಾಯಿಗಳನ್ನು ಪೂರ್ತಿಯಾಗಿ ಒಂದೇ ತಿಂಗಳ ಖರ್ಚಿಗೆ ಸೇರಿಸುವುದು, ಇಲ್ಲವೇ ‘ಅದು ಹಿಂದೆಯೇ ಕೊಟ್ಟ ಹಣ’ ಎಂದು ಪೂರ್ತಿಯಾಗಿ ಬಿಟ್ಟುಬಿಡುವುದು. ಎರಡೂ ತಪ್ಪು. ಒಲೆಯು 60 ತಿಂಗಳು ದುಡಿಯುತ್ತದೆ. ಆದುದರಿಂದ ಅದರ ಬೆಲೆಯನ್ನು 60 ತಿಂಗಳ ಮೇಲೆ ಹಂಚಬೇಕು. ಎರಡನೆಯದು ಉರುವಲು. ಒಲೆ ಕಾಯುವ ತನಕ ಉರಿಯುವ ಉರುವಲು ರೊಟ್ಟಿ ಹತ್ತಾದರೂ ಇನ್ನೂರಾದರೂ ಅಷ್ಟೇ ಬೇಕು ಎಂದು ಮನೆಯಲ್ಲಿ ಒಲೆಯ ಮುಂದೆ ಕೂತು ಬಲ್ಲ ಮಗು ವಾದಿಸಬಹುದು. ಆ ವಾದ ಸರಿಯಾದುದೇ. ಕೆಲವು ಖರ್ಚುಗಳಲ್ಲಿ ಒಂದು ಪಾಲು ಸ್ಥಿರ, ಒಂದು ಪಾಲು ಬದಲಾಗುವಂಥದು. ಇಲ್ಲಿ ಸರಳವಾಗಲೆಂದು ಪೂರ್ತಿ ಬದಲಾಗುವ ವೆಚ್ಚವೆಂದು ಹಿಡಿಯಲಾಗಿದೆ ಎಂದು ಶಿಕ್ಷಕರು ಒಪ್ಪಿಕೊಂಡು ಹೇಳಬೇಕು.

ಎರಡನೆಯ ಹಂತ: ಒಂದು ರೊಟ್ಟಿಯ ವೆಚ್ಚ

ಬದಲಾಗುವ ವೆಚ್ಚ: 14,500 ÷ 5,000 = 2.90 ರೂ.
ಸ್ಥಿರ ವೆಚ್ಚದ ಪಾಲು: 2,500 ÷ 5,000 = 0.50 ರೂ.
ಒಟ್ಟು: 3.40 ರೂ.

ರೊಟ್ಟಿಯೊಂದಕ್ಕೆ ಉಳಿಕೆ 5.00 – 3.40 = 1.60 ರೂಪಾಯಿ. ತಿಂಗಳಿಗೆ 1.60 × 5,000 = 8,000 ರೂಪಾಯಿ.

ಈ 3.40 ರೂಪಾಯಿಯು ರೊಟ್ಟಿಗೆ ಶಾಶ್ವತವಾಗಿ ಅಂಟಿದ ಸಂಖ್ಯೆಯಲ್ಲ. ತಿಂಗಳಿಗೆ 2,500 ರೊಟ್ಟಿಗಳನ್ನಷ್ಟೇ ಮಾಡಿದರೆ ಸ್ಥಿರ ವೆಚ್ಚದ ಪಾಲು 1.00 ರೂಪಾಯಿಗೆ ಏರಿ ವೆಚ್ಚ 3.90 ಆಗುತ್ತದೆ. 10,000 ರೊಟ್ಟಿ ಮಾಡಿದರೆ ಆ ಪಾಲು 0.25ಕ್ಕೆ ಇಳಿದು ವೆಚ್ಚ 3.15 ಆಗುತ್ತದೆ. ಎರಡೂ ಸಂದರ್ಭಗಳಲ್ಲಿ 2.90 ಮಾತ್ರ ಹಾಗೆಯೇ ಉಳಿಯುತ್ತದೆ. ಯಾವುದು ಕದಲುತ್ತದೆ, ಯಾವುದು ಕದಲುವುದಿಲ್ಲ ಎಂಬುದನ್ನು ಮಕ್ಕಳೇ ಕಂಡುಕೊಳ್ಳುವಂತೆ ಮೂರು ಲೆಕ್ಕಗಳನ್ನೂ ಅವರಿಂದಲೇ ಮಾಡಿಸಬೇಕು.

ಮೂರನೆಯ ಹಂತ: ಮನೆಯವರ ದುಡಿಮೆ

ಬಹುಪಾಲು ಮಕ್ಕಳು ‘ಲಾಭ 8,000 ರೂಪಾಯಿ’ ಎಂದು ಬರೆದು ಪುಸ್ತಕ ಮುಚ್ಚುತ್ತಾರೆ. ಪಾಠದ ತಿರುಳು ಇಲ್ಲಿಂದ ಆರಂಭವಾಗುತ್ತದೆ. ಶಿಕ್ಷಕರು ಹಲಗೆಯ ಮೇಲೆ ಒಂದು ಪ್ರಶ್ನೆಯನ್ನು ಬರೆಯಬೇಕು: ‘ಹಿಟ್ಟು ನಾದಿದವರು ಯಾರು? ರೊಟ್ಟಿ ಬಡಿದವರು ಯಾರು?’

ಅತ್ತೆಯೂ ಸೊಸೆಯೂ ದಿನಕ್ಕೆ ಐದೈದು ಗಂಟೆ ದುಡಿಯುತ್ತಾರೆ ಎಂದು ಇಟ್ಟುಕೊಂಡರೆ ತಿಂಗಳಿಗೆ 10 × 25 = 250 ಗಂಟೆ. ಈ ಕೆಲಸಕ್ಕೆ ಹೊರಗಿನವರನ್ನು ಕರೆದರೆ ಗಂಟೆಗೆ 40 ರೂಪಾಯಿ ಕೂಲಿ ಕೊಡಬೇಕಾಗುತ್ತದೆ. ಆಗ ದುಡಿಮೆಯ ವೆಚ್ಚ 10,000 ರೂಪಾಯಿ, ರೊಟ್ಟಿಯೊಂದಕ್ಕೆ 2.00 ರೂಪಾಯಿ.

ದುಡಿಮೆ ಸೇರದ ವೆಚ್ಚ: 3.40 ರೂ.
ದುಡಿಮೆ: 2.00 ರೂ.
ಪೂರ್ಣ ವೆಚ್ಚ: 5.40 ರೂ.
ಮಾರುವ ಬೆಲೆ: 5.00 ರೂ.
ರೊಟ್ಟಿಯೊಂದಕ್ಕೆ ನಷ್ಟ: 0.40 ರೂ.
ತಿಂಗಳಿಗೆ ನಷ್ಟ: 0.40 × 5,000 = 2,000 ರೂ.

ತರಗತಿಯಲ್ಲಿ ಒಬ್ಬ ಹುಡುಗಿಯಾದರೂ ಎದ್ದು ನಿಂತು, ‘ಅವ್ವಗ ಯಾರು ಪಗಾರ ಕೊಡ್ತಾರ್ರಿ, ಸರ್?’ ಎಂದು ಕೇಳುವ ಸಂಭವವುಂಟು. ಆ ಪ್ರಶ್ನೆಯನ್ನು ತಳ್ಳಿಹಾಕದೆ ಉತ್ತರಿಸಬೇಕು. 8,000 ರೂಪಾಯಿ ಸುಳ್ಳಲ್ಲ. ಆ ಹಣ ನಿಜವಾಗಿಯೂ ಮನೆಗೆ ಸೇರುತ್ತದೆ. ಆದರೆ ಅದು ವ್ಯಾಪಾರದ ಲಾಭವಲ್ಲ, ಇಬ್ಬರು ಹೆಂಗಸರ ಪಗಾರ. 8,000 ÷ 250 = 32. ಗಂಟೆಗೆ 40 ರೂಪಾಯಿ ಬಾಳುವ ದುಡಿಮೆಗೆ ಅವರಿಗೆ 32 ರೂಪಾಯಿ ಸಿಕ್ಕಿದೆ. ಉಳಿದ 8 ರೂಪಾಯಿಯನ್ನು ಅವರು ತಮಗೆ ತಿಳಿಯದೆಯೇ ಕೊಳ್ಳುವವರಿಗೆ ಬಿಟ್ಟುಕೊಟ್ಟಿದ್ದಾರೆ. ಗಂಟೆಗೆ 8ರಂತೆ 250 ಗಂಟೆಗೆ 2,000 ರೂಪಾಯಿ. ಮೇಲೆ ಬಂದ ನಷ್ಟವೂ ಇಷ್ಟೇ. ಎರಡು ದಾರಿಯಿಂದ ಹೋದರೂ ಲೆಕ್ಕ ಒಂದೇ ಕಡೆ ಸೇರುತ್ತದೆ ಎಂಬುದನ್ನು ಮಕ್ಕಳಿಗೆ ತೋರಿಸಬೇಕು.

ಇಲ್ಲಿ ಎರಡು ಪ್ರಶ್ನೆಗಳಿವೆ, ಎರಡಕ್ಕೂ ಉತ್ತರಗಳಿವೆ. ‘ಮನೆಗೆ ಎಷ್ಟು ಹಣ ಬಂತು?’ ಎಂಬುದಕ್ಕೆ ಉತ್ತರ 8,000, ಸವಕಳಿಗೆ ತೆಗೆದಿಟ್ಟ 200 ರೂಪಾಯಿಯನ್ನು ಕಳೆದು. ‘ಈ ಬೆಲೆಗೆ ಮಾರುವುದು ಸರಿಯೇ?’ ಎಂಬುದಕ್ಕೆ ಉತ್ತರ ಹುಡುಕುವಾಗ 5.40 ಎಂಬ ಸಂಖ್ಯೆ ಕಣ್ಣ ಮುಂದಿರಬೇಕು. ಮನೆಯವರು ಬೇಕೆಂದೇ ಕಡಿಮೆ ಬೆಲೆಗೆ ಮಾರಬಹುದು. ಪೇಟೆಯಲ್ಲಿ ಅದಕ್ಕಿಂತ ಹೆಚ್ಚು ಸಿಗದಿರಬಹುದು. ಹೊರಗೆ ಹೋಗಿ ದುಡಿಯಲು ಆಗದಿರಬಹುದು. ತಿಳಿದು ಬಿಟ್ಟುಕೊಡುವುದು ಬೇರೆ, ತಿಳಿಯದೆ ಕಳೆದುಕೊಳ್ಳುವುದು ಬೇರೆ.

ನಾಲ್ಕನೆಯ ಹಂತ: ಎಷ್ಟು ಮಾರಿದರೆ ಸರಿಹೋಗುತ್ತದೆ?

ಮಾರುವ ಬೆಲೆಯಿಂದ ಬದಲಾಗುವ ವೆಚ್ಚವನ್ನು ಕಳೆದಾಗ ಉಳಿಯುವ ಹಣಕ್ಕೆ ‘ಕೊಡುಗೆ’ ಎಂದು ಹೆಸರು. ಪ್ರತಿ ರೊಟ್ಟಿಯೂ ತನ್ನ ಕೊಡುಗೆಯನ್ನು ಸ್ಥಿರ ವೆಚ್ಚವೆಂಬ ಹಗೇವಿಗೆ ಸುರಿಯುತ್ತದೆ. ಹಗೇವು ತುಂಬಿದ ಮೇಲೆ ಬೀಳುವುದೇ ಲಾಭ. ತುಂಬುವ ಘಳಿಗೆಯನ್ನು ಇಂಗ್ಲಿಷಿನಲ್ಲಿ ಬ್ರೇಕ್ ಈವನ್ ಪಾಯಿಂಟ್ ಎನ್ನುತ್ತಾರೆ. ಈ ಪಾಠದಲ್ಲಿ ಅದನ್ನು ಸಮಬಿಂದು ಎಂದು ಕರೆಯಲಾಗಿದೆ.

ಸಮಬಿಂದು = ಸ್ಥಿರ ವೆಚ್ಚ ÷ ಒಂದರ ಕೊಡುಗೆ

ದುಡಿಮೆಯನ್ನು ಬಿಟ್ಟರೆ: ಕೊಡುಗೆ 5.00 – 2.90 = 2.10. ಸಮಬಿಂದು 2,500 ÷ 2.10 = 1,190.48. ಅರ್ಧ ರೊಟ್ಟಿ ಮಾರಲಾಗದು. ಆದುದರಿಂದ 1,191 ರೊಟ್ಟಿ. ಇಲ್ಲಿ 1,190 ಎಂದು ಬರೆದರೆ ತಪ್ಪು, ಏಕೆಂದರೆ ಅಷ್ಟಕ್ಕೆ ಇನ್ನೂ ಒಂದು ರೂಪಾಯಿ ಕೊರತೆ ಇರುತ್ತದೆ.

ದುಡಿಮೆಯನ್ನು ಸೇರಿಸಿದರೆ: ಬದಲಾಗುವ ವೆಚ್ಚ 2.90 + 2.00 = 4.90. ಕೊಡುಗೆ 0.10. ಸಮಬಿಂದು 2,500 ÷ 0.10 = 25,000 ರೊಟ್ಟಿ.

ಈಗ ಮಾಡುತ್ತಿರುವುದು 5,000. ಐದು ಪಟ್ಟು ಮಾಡಿದರೆ ಮಾತ್ರ ಲಾಭವೂ ಇಲ್ಲ, ನಷ್ಟವೂ ಇಲ್ಲ ಎಂಬ ಸ್ಥಿತಿ. ‘ಇನ್ನೂ ಹೆಚ್ಚು ದುಡಿದರೆ ಸರಿಹೋಗುತ್ತದೆ’ ಎಂಬ ಮಾತು ಎಲ್ಲ ಕಡೆಯೂ ನಿಜವಲ್ಲವೆಂಬುದಕ್ಕೆ ಇದು ಒಳ್ಳೆಯ ನಿದರ್ಶನ. ಬೆಲೆಯನ್ನು 5.50ಕ್ಕೆ ಏರಿಸಿದರೆ ಕೊಡುಗೆ 0.60 ಆಗಿ ಸಮಬಿಂದು 4,167ಕ್ಕೆ ಇಳಿಯುತ್ತದೆ. ರೊಟ್ಟಿಯೊಂದಕ್ಕೆ ಎಂಟಾಣೆ ಏರಿದರೆ ಈಗಿನ ದುಡಿಮೆಯೇ ಸಾಕಾಗುತ್ತದೆ. ಬೆಲೆ ಏರಿದಾಗ ಕೊಳ್ಳುವವರು ಕಡಿಮೆಯಾದಾರೇ ಎಂಬ ಪ್ರಶ್ನೆಯನ್ನು ಮಕ್ಕಳು ಎತ್ತಿದರೆ, 5,000ದಿಂದ ಎಷ್ಟರವರೆಗೆ ಮಾರಾಟ ಇಳಿದರೂ ತಾಳಿಕೊಳ್ಳಬಹುದೆಂದು ಅವರಿಂದಲೇ ಲೆಕ್ಕ ಹಾಕಿಸಬೇಕು. ಉತ್ತರ 833 ರೊಟ್ಟಿ.

ಐದನೆಯ ಹಂತ: ಖಾನಾವಳಿಯ ಬೇಡಿಕೆ

ಒಂದು ಖಾನಾವಳಿಯವರು ತಿಂಗಳಿಗೆ ಇನ್ನೂ 1,000 ರೊಟ್ಟಿ ಬೇಕೆಂದು ಕೇಳುತ್ತಾರೆ. ಆದರೆ ಕೊಡುವ ಬೆಲೆ 4.50 ರೂಪಾಯಿ. ಈಗಿರುವ ಒಲೆಯೂ ಕೋಣೆಯೂ ಸಾಕಾಗುತ್ತವೆ. ಒಪ್ಪಬೇಕೇ?

ಒಂದು ಗುಂಪು ಪೂರ್ಣ ವೆಚ್ಚ 5.40 ಎಂದು ಹಿಡಿದು ‘900 ರೂಪಾಯಿ ನಷ್ಟ’ ಎನ್ನುತ್ತದೆ. ಇನ್ನೊಂದು ಗುಂಪು 3.40 ಎಂದು ಹಿಡಿದು ‘1,100 ರೂಪಾಯಿ ಲಾಭ’ ಎನ್ನುತ್ತದೆ. ಎರಡರಲ್ಲಿಯೂ ಒಂದೇ ತಪ್ಪಿದೆ. ಬಾಡಿಗೆ, ದೀಪ, ಸವಕಳಿ ಇವು ಈ ಬೇಡಿಕೆ ಬಂದರೂ ಬಾರದಿದ್ದರೂ ಇರುವ ಖರ್ಚುಗಳು. ಇಂತಹ ತೀರ್ಮಾನದಲ್ಲಿ ಹೊಸದಾಗಿ ಸೇರುವ ಖರ್ಚನ್ನೂ ಹೊಸದಾಗಿ ಬರುವ ಹಣವನ್ನೂ ಮಾತ್ರ ನೋಡಬೇಕು.

ಮನೆಯವರೇ ಮಾಡಿದರೆ: ಹೊಸ ಹಣ 4,500, ಹೊಸ ಖರ್ಚು 2,900, ಉಳಿಕೆ 1,600 ರೂಪಾಯಿ. ಹೆಚ್ಚಿನ ದುಡಿಮೆ 50 ಗಂಟೆ. ಗಂಟೆಗೆ 32 ರೂಪಾಯಿ.

ಕೂಲಿಗೆ ಒಬ್ಬರನ್ನು ಕರೆದರೆ: ಹೊಸ ಖರ್ಚು 2,900 + 2,000 = 4,900; ನಷ್ಟ 400 ರೂಪಾಯಿ.

ಹೀಗೆ ಉತ್ತರವು ಯಾರು ದುಡಿಯುತ್ತಾರೆ ಎಂಬುದರ ಮೇಲೆ ನಿಂತಿದೆ. ಕೂಲಿ ಕೊಟ್ಟು ಮಾಡಿಸುವುದಾದರೆ ಒಪ್ಪಬಾರದು. ಮನೆಯವರೇ ಮಾಡುವುದಾದರೆ ಆ 50 ಗಂಟೆಗಳಲ್ಲಿ ಅವರು ಬೇರೆ ಏನು ಮಾಡಬಹುದಾಗಿತ್ತು ಎಂದು ಕೇಳಬೇಕು. ಹೊಲಿಗೆಯಿಂದ ಗಂಟೆಗೆ 35 ರೂಪಾಯಿ ಬರುವಂತಿದ್ದರೆ ಬೇಡಿಕೆಯನ್ನು ಬಿಡುವುದೇ ಮೇಲು. ಬಿಟ್ಟುಕೊಟ್ಟ ಈ ಗಳಿಕೆಗೆ ಅವಕಾಶ ವೆಚ್ಚವೆಂದು ಹೆಸರು. ಬೇರೆ ಗಳಿಕೆ ಇಲ್ಲದಿದ್ದರೆ 1,600 ರೂಪಾಯಿ ಮನೆಗೆ ಬರುವುದು ಒಳ್ಳೆಯದೇ. ಆದರೆ ಬಿಡುವು, ಆರೋಗ್ಯ, ಮಕ್ಕಳ ಓದಿನ ಮೇಲಿನ ಗಮನ ಇವುಗಳ ಬೆಲೆ ಯಾವ ಪಟ್ಟಿಯಲ್ಲಿಯೂ ಇರುವುದಿಲ್ಲವೆಂಬುದನ್ನು ಒಂದು ಮಾತಿನಲ್ಲಿ ನೆನಪಿಸಬೇಕು.

ಆರನೆಯ ಹಂತ: ಉದ್ರಿ ಮತ್ತು ಕೈಗಂಟು

ಖಾನಾವಳಿಯ ಬೇಡಿಕೆಯನ್ನು ಬದಿಗಿಟ್ಟು ಮೂಲ ಸಮಸ್ಯೆಗೆ ಮರಳಬೇಕು. ತಿಂಗಳ ಮಾರಾಟ 25,000 ರೂಪಾಯಿ. ಅದರಲ್ಲಿ 15,000 ನಗದು; 10,000 ಉದ್ರಿ, ಅದು ಮುಂದಿನ ತಿಂಗಳು ಬರುತ್ತದೆ. ಜೋಳದವರೂ ಗಿರಣಿಯವರೂ ಉದ್ರಿ ಕೊಡುವುದಿಲ್ಲ. ಮೊದಲ ತಿಂಗಳು ಕೈಯಲ್ಲಿ ಎಷ್ಟಿರುತ್ತದೆ?

ಕೈಬಿಟ್ಟು ಹೋಗುವ ಹಣ 17,000 – 200 = 16,800 ರೂಪಾಯಿ. ಸವಕಳಿಯ 200 ರೂಪಾಯಿ ವೆಚ್ಚ ನಿಜ, ಆದರೆ ಅದನ್ನು ಈ ತಿಂಗಳು ಯಾರ ಕೈಗೂ ಕೊಡುವುದಿಲ್ಲ. ಬಂದ ಹಣ 15,000. ಕೊರತೆ 1,800 ರೂಪಾಯಿ.

ಎರಡನೆಯ ಹಂತದ ಪ್ರಕಾರ 8,000 ಉಳಿದ ಮನೆಯಲ್ಲಿಯೇ ಈಗ 1,800 ರೂಪಾಯಿಗೆ ಪರದಾಟ. ಎರಡೂ ನಿಜ. ಉಳಿಕೆಯು ಉದ್ರಿಯ ವಹಿಯಲ್ಲಿ ಸಿಕ್ಕಿಕೊಂಡಿದೆ. ಆ ಹಣ ಬರುವ ತನಕ ವ್ಯಾಪಾರ ನಡೆಸಲು ಬೇಕಾದ ಹಣಕ್ಕೆ ಮನೆಮಾತಿನಲ್ಲಿ ಕೈಗಂಟು ಎನ್ನುತ್ತಾರೆ. ಪುಸ್ತಕದ ಮಾತಿನಲ್ಲಿ ದುಡಿಯುವ ಬಂಡವಾಳ. ಕೈಗಂಟು ಇಲ್ಲದವರು ಸಾಲಕ್ಕೆ ಹೋಗುತ್ತಾರೆ. 1,800 ರೂಪಾಯಿಯನ್ನು ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ ಬಡ್ಡಿಯಂತೆ ತಂದರೆ ತಿಂಗಳ ಬಡ್ಡಿ 54 ರೂಪಾಯಿ. ಎರಡನೆಯ ತಿಂಗಳು 25,000 ಬಂದು, 16,800 ಖರ್ಚಾಗಿ, 1,854 ಸಾಲ ತೀರಿ, 6,346 ರೂಪಾಯಿ ಉಳಿಯುತ್ತದೆ. ಲಾಭದ ಪಟ್ಟಿ ಮತ್ತು ನಗದಿನ ಪಟ್ಟಿ ಇವೆರಡನ್ನೂ ಬೇರೆಬೇರೆ ಪುಟಗಳಲ್ಲಿ ಬರೆಸುವುದು ಅಗತ್ಯ.

ಏಳನೆಯ ಹಂತ: ಸಾಲ ಮತ್ತು ಬಡ್ಡಿ

ಪುಸ್ತಕದಲ್ಲಿ ‘ಶೇಕಡಾ 3 ಬಡ್ಡಿ’ ಎಂದರೆ ಸಾಮಾನ್ಯವಾಗಿ ವರ್ಷಕ್ಕೆ. ಊರಲ್ಲಿ ‘ನೂರಕ್ಕೆ ಮೂರು’ ಎಂದರೆ ತಿಂಗಳಿಗೆ. ಒಂದೇ ಮೂರು, ಆದರೆ ಒಂದು ವರ್ಷಕ್ಕೆ ಮೊದಲನೆಯದು ಶೇಕಡಾ 3, ಎರಡನೆಯದು ಶೇಕಡಾ 36. ಬಡ್ಡಿಯ ಪ್ರತಿಯೊಂದು ಸಮಸ್ಯೆಯಲ್ಲಿಯೂ ‘ಎಷ್ಟು ಕಾಲಕ್ಕೆ?’ ಎಂಬ ಪ್ರಶ್ನೆಯನ್ನು ಮಗು ಮೊದಲು ಕೇಳುವಂತೆ ರೂಢಿ ಮಾಡಿಸಬೇಕು.

ಇನ್ನೊಂದು ಸಮಸ್ಯೆ. ಒಲೆ, ಹಂಚುಗಳಿಗೆಂದು 12,000 ರೂಪಾಯಿ ಸಾಲ ಬೇಕು. ಇಬ್ಬರು ಕೊಡಲು ಮುಂದೆ ಬರುತ್ತಾರೆ. ಇಬ್ಬರೂ ‘ವರ್ಷಕ್ಕೆ ಶೇಕಡಾ 12’ ಎನ್ನುತ್ತಾರೆ.

ಮೊದಲನೆಯವರು ಪೂರ್ತಿ ಅಸಲಿಗೆ ಒಂದು ವರ್ಷದ ಬಡ್ಡಿ 1,440 ಹಾಕಿ, ಒಟ್ಟು 13,440ನ್ನು 12 ಕಂತು ಮಾಡುತ್ತಾರೆ. ತಿಂಗಳಿಗೆ 1,120 ರೂಪಾಯಿ.

ಎರಡನೆಯವರು ತಿಂಗಳಿಗೆ 1,000 ಅಸಲು ತೀರಿಸಿ, ಉಳಿದ ಅಸಲಿಗೆ ಮಾತ್ರ ತಿಂಗಳಿಗೆ ಶೇಕಡಾ 1ರಂತೆ ಬಡ್ಡಿ ಕೊಡಿ ಎನ್ನುತ್ತಾರೆ. ಬಡ್ಡಿ ಮೊದಲ ತಿಂಗಳು 120, ಎರಡನೆಯ ತಿಂಗಳು 110, ಹೀಗೆ ಇಳಿಯುತ್ತ ಕೊನೆಯ ತಿಂಗಳು 10. ಒಟ್ಟು 780 ರೂಪಾಯಿ.

ವ್ಯತ್ಯಾಸ 660 ರೂಪಾಯಿ. ಮೊದಲನೆಯವರು ತೀರಿಸಿಯಾದ ಅಸಲಿಗೂ ವರ್ಷಪೂರ್ತಿ ಬಡ್ಡಿ ತೆಗೆದುಕೊಂಡಿದ್ದಾರೆ. ಉಳಿದ ಅಸಲಿನ ಮೇಲೆ ಲೆಕ್ಕ ಹಾಕಿದರೆ ಅವರ ದರ ವರ್ಷಕ್ಕೆ ಶೇಕಡಾ 21ನ್ನೂ ದಾಟುತ್ತದೆ. ಗಂಟೆಗೆ 32 ರೂಪಾಯಿ ಗಳಿಸುವ ಮನೆಗೆ 660 ರೂಪಾಯಿ ಎಂದರೆ ಇಪ್ಪತ್ತು ಗಂಟೆಗೂ ಮಿಕ್ಕಿದ ದುಡಿಮೆ. ಸಾಲ ತರುವಾಗ ದರವೊಂದನ್ನೇ ಕೇಳದೆ, ‘ಒಟ್ಟು ಎಷ್ಟು ಕಟ್ಟಬೇಕು? ಬಡ್ಡಿ ಯಾವ ಮೊತ್ತದ ಮೇಲೆ?’ ಎಂದು ಕೇಳಬೇಕೆಂಬುದು ಈ ಹಂತದ ಸಾರ.

ಸಾಲದ ಕಂತನ್ನು ವೆಚ್ಚದ ಪಟ್ಟಿಗೆ ಸೇರಿಸುವಾಗ ಎಚ್ಚರ ಬೇಕು. ಬಡ್ಡಿ ವೆಚ್ಚ, ಅಸಲಿನ ಮರುಪಾವತಿ ವೆಚ್ಚವಲ್ಲ. ಒಲೆಯ ಬೆಲೆಯನ್ನು ಸವಕಳಿಯ ರೂಪದಲ್ಲಿ ಆಗಲೇ ಹಿಡಿಯಲಾಗಿದೆ. ಅಸಲನ್ನೂ ಸೇರಿಸಿದರೆ ಒಂದೇ ಒಲೆಗೆ ಎರಡು ಬಾರಿ ಲೆಕ್ಕವಾಗುತ್ತದೆ. ನಗದಿನ ಪಟ್ಟಿಯಲ್ಲಿ ಮಾತ್ರ ಪೂರ್ತಿ ಕಂತನ್ನು ಬರೆಯಬೇಕು.

ಶಿಕ್ಷಕರು ಗಮನಿಸಬೇಕಾದ ಅಂಶಗಳು

1. ಮಕ್ಕಳ ಮನೆಯ ಗಳಿಕೆಯನ್ನೂ ಸಾಲವನ್ನೂ ತರಗತಿಯ ಎದುರಿಗೆ ಕೇಳಬಾರದು. ಹಲಗೆಯ ಮೇಲಿನ ಮನೆ ಊಹೆಯ ಮನೆಯಾಗಿಯೇ ಇರಲಿ. ತನ್ನ ಮನೆಯ ಲೆಕ್ಕವನ್ನು ಮಗು ತಾನಾಗಿ, ಮನೆಯಲ್ಲಿ ಕೂತು ಹಾಕಿಕೊಳ್ಳಲಿ.

2. ನಷ್ಟವೆಂಬ ಉತ್ತರ ಬಂದಾಗ ತಾಯಿಯ ಕೆಲಸ ನಿಷ್ಪ್ರಯೋಜಕವೆಂಬ ಭಾವನೆ ಮಗುವಿನಲ್ಲಿ ಮೂಡಬಾರದು. ಆಕೆಯ ದುಡಿಮೆಗೆ ಬೆಲೆಯಿದೆ, ಆ ಬೆಲೆ ಪೂರ್ತಿ ಕೈಗೆ ಬಂದಿಲ್ಲ ಎಂಬುದೇ ಲೆಕ್ಕದ ಅರ್ಥವೆಂದು ಸ್ಪಷ್ಟಪಡಿಸಬೇಕು.

3. ಹತ್ತು ಅಂಕಗಳ ಪ್ರಶ್ನೆಯಾದರೆ ವಿಂಗಡಣೆಗೆ ನಾಲ್ಕು, ಲೆಕ್ಕಕ್ಕೆ ಮೂರು, ಉತ್ತರವನ್ನು ಒಂದು ಪೂರ್ಣ ವಾಕ್ಯದಲ್ಲಿ ಕಾರಣದೊಡನೆ ಬರೆದುದಕ್ಕೆ ಮೂರು ಅಂಕಗಳನ್ನು ಕೊಡಬಹುದು. ಹೀಗೆ ಮಾಡಿದರೆ ಮಕ್ಕಳು ವಿಂಗಡಣೆಯನ್ನು ಹಗುರವಾಗಿ ಕಾಣುವುದಿಲ್ಲ.

4. ರೊಟ್ಟಿಯ ಬದಲು ದಾಳಿಂಬೆ, ಹಾಲು, ಹೊಲಿಗೆ, ಕುರಿ ಸಾಕಣೆ ಇವುಗಳಲ್ಲಿ ಊರಿಗೆ ಹೊಂದುವ ಉದ್ಯೋಗವನ್ನು ಆರಿಸಿಕೊಳ್ಳಬಹುದು. ಏಳು ಹಂತಗಳ ಕ್ರಮವನ್ನು ಮಾತ್ರ ಬದಲಿಸಬಾರದು.

ಅಭ್ಯಾಸ

1. ಮೂಲ ಸಮಸ್ಯೆಯಲ್ಲಿ ಜೋಳದ ಬೆಲೆ ಕಿಲೋಗೆ 48 ರೂಪಾಯಿಗೆ ಏರಿತು. ರೊಟ್ಟಿಯ ಬೆಲೆ 5 ರೂಪಾಯಿಯೇ ಇದೆ. ತಿಂಗಳ ಉಳಿಕೆ ಎಷ್ಟು? ಮನೆಯವರಿಗೆ ಗಂಟೆಗೆ ಎಷ್ಟು ಸಿಕ್ಕಂತಾಯಿತು?

2. ಒಂದು ಮನೆಯಲ್ಲಿ ಟವೆಲ್ಲಿನ ಅಂಚು ಹೊಲಿಯುತ್ತಾರೆ. ಹೊಲಿಗೆ ಯಂತ್ರದ ಬೆಲೆ 9,000 ರೂಪಾಯಿ. 6 ವರ್ಷದ ನಂತರ 1,800 ರೂಪಾಯಿಗೆ ಮಾರಬಹುದು. ತಿಂಗಳ ಬಾಡಿಗೆ 700, ದೀಪಕ್ಕೆ 200. ಒಂದು ಟವೆಲ್ಲಿಗೆ ದೊರೆಯುವ ಹಣ 3 ರೂಪಾಯಿ. ದಾರ ಮತ್ತು ಯಂತ್ರದ ವಿದ್ಯುತ್ತಿಗೆ 50 ಪೈಸೆ. ಸಮಬಿಂದು ಎಷ್ಟು? ತಿಂಗಳಿಗೆ 100 ಗಂಟೆ ದುಡಿದು 1,200 ಟವೆಲ್ ಹೊಲಿದರೆ ಗಂಟೆಗೆ ಎಷ್ಟು ಸಿಕ್ಕಂತಾಯಿತು?

3. 5,000 ರೂಪಾಯಿಯನ್ನು ನೂರಕ್ಕೆ ತಿಂಗಳಿಗೆ ಎರಡು ರೂಪಾಯಿ ಬಡ್ಡಿಯಂತೆ ತಂದು 8 ತಿಂಗಳ ನಂತರ ಒಮ್ಮೆಲೇ ತೀರಿಸಿದರೆ ಸರಳಬಡ್ಡಿ ಎಷ್ಟು? ವರ್ಷದ ದರವೆಷ್ಟು?

ಉತ್ತರಗಳು

1. ಬದಲಾಗುವ ವೆಚ್ಚ 3.30, ಕೊಡುಗೆ 1.70; ಉಳಿಕೆ 8,500 – 2,500 = 6,000 ರೂಪಾಯಿ; ಗಂಟೆಗೆ 24 ರೂಪಾಯಿ. ಜೋಳದ ಬೆಲೆ ಏರಿದಾಗ ಕಡಿತವಾಗುವುದು ಮನೆಯವರ ಪಗಾರವೇ ಎಂಬುದನ್ನು ಚರ್ಚಿಸಬೇಕು.

2. ಸವಕಳಿ (9,000 – 1,800) ÷ 72 = 100; ಸ್ಥಿರ ವೆಚ್ಚ 1,000; ಕೊಡುಗೆ 2.50, ಸಮಬಿಂದು 400 ಟವೆಲ್. ಉಳಿಕೆ 3,000 – 1,000 = 2,000 ರೂಪಾಯಿ; ಗಂಟೆಗೆ 20 ರೂಪಾಯಿ.

3. ತಿಂಗಳಿಗೆ 100 ರೂಪಾಯಿ. 8 ತಿಂಗಳಿಗೆ 800 ರೂಪಾಯಿ. ವರ್ಷಕ್ಕೆ ಶೇಕಡಾ 24.

ಪಾಠ ಮುಗಿದ ವಾರದ ನಂತರ ಮಕ್ಕಳಿಗೆ ಒಂದೇ ಮನೆಗೆಲಸವನ್ನು ಕೊಡಬಹುದು: ತಮಗೆ ಬೇಕಾದ ಒಂದು ಉದ್ಯೋಗವನ್ನು ಆರಿಸಿಕೊಂಡು, ಅದರ ಖರ್ಚುಗಳ ಪಟ್ಟಿ ಮಾಡಿ, ಪಟ್ಟಿಯ ಕೊನೆಯ ಸಾಲಿನಲ್ಲಿ ದುಡಿದವರ ಗಂಟೆಗಳನ್ನು ಬರೆಯುವುದು. ಆ ಕೊನೆಯ ಸಾಲನ್ನು ಹೇಳಿಸಿಕೊಳ್ಳದೆ ಬರೆದ ಮಗುವಿಗೆ ಈ ಪಾಠ ಅರ್ಥವಾಗಿದೆ ಎಂದು ಶಿಕ್ಷಕರು ತಿಳಿಯಬಹುದು.